ಮುಹೂರ್ತಕ್ಕೆ ಮುಟ್ಟಿದ ಟವೆಲ್ಲು

ಬಸ್ಸಿನ ಕಿಟಕಿಯಿಂದ ಎಸೆದ ಟವೆಲ್ಲು ಯಾವ ಸೀಟಿನ ಮೇಲೆ ಬೀಳುತ್ತದೋ ಆ ಸೀಟು ಟವೆಲ್ಲಿನವನದು. ಇದು ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಊರು ಒಪ್ಪಿದ ಕಾನೂನು. ಕೋರ್ಟಿನ ತೀರ್ಪಿನ ಮೇಲೆ ಅಪೀಲು ಹೋಗಬಹುದು, ಟವೆಲ್ಲಿನ ಮೇಲೆ ಹೋಗುವಂತಿಲ್ಲ.

ಎಪ್ಪತ್ತೇಳನೇ ಇಸವಿಯ ಮಳೆಯ ವಿಚಾರ ಹೇಳಿದರೆ ಈಗಿನವರು ನಗುತ್ತಾರೆ. ನಗಲಿ. ಶಿರಾ ಗೇಟಿನಲ್ಲಿ ಕೊಡೆ ಬಿಚ್ಚಿದವನು ಕೊಡೆ ಸಮೇತ ಅಂತರಸನಹಳ್ಳಿಯಲ್ಲಿ ಇಳಿದ. ಕೋಳಿಗಳು ಈಜು ಕಲಿತವು. ಅಂಥ ಮಳೆಯಲ್ಲೂ ಮೂರೂರು ಮೋಟಾರು ಸಹಕಾರ ಸಂಘದ ಕುಣಿಗಲ್ ಬಸ್ಸು ಒಂದು ದಿನವೂ ತಡವಾಗಲಿಲ್ಲ. ಓಡಿಸುತ್ತಿದ್ದವನು ಗುಲಾಮ್ ನಬಿ. ಅವನ ಮೀಸೆಯ ತುದಿಗೊಂದರಂತೆ ನಿಂಬೆಹಣ್ಣು ನಿಲ್ಲುತ್ತಿತ್ತು.

ತುಮಕೂರು ಸದಾಶಿವನಗರದ ಕದರಯ್ಯ ಒಂದು ಕಾರ್ಖಾನೆಯಲ್ಲಿ ಫಿಟ್ಟರು. ಮನೆಯವರೆಲ್ಲ ಅವನ ಮದುವೆಗೆಂದು ಮುಂಚೆಯೇ ಕುಣಿಗಲ್ ಸೇರಿದ್ದರು. ಮದುವೆಗಂಡಿಗೆ ಮಾತ್ರ ರಜೆ ಸಿಕ್ಕಿರಲಿಲ್ಲ.

"ನಬಿ ಸಾಬ್ರೇ, ನಾಳೆ ನನ್ ಮದ್ವೆ. ಮಳೆ ಹಿಂಗ್ ಹೊಡೀತೈತೆ. ಮುಹೂರ್ತಕ್ಕೆ ಮುಟ್ಟುಸ್ತೀರಾ?"

"ಮುಟ್ಟಿಸ್ಲಿಲ್ಲ ಅಂದ್ರೆ ನಿನ್ ಮಾವನ ಮನೆ ಬಾಗಿಲಲ್ಲೇ ಈ ಮೀಸೆ ಬೋಳಿಸ್ಕೊತೀನಿ. ಹೋಗ್ಲಾ, ನಿದ್ದೆ ಮಾಡು."

ಬೆಳಿಗ್ಗೆ ಕದರಯ್ಯ ಕಿಟಕಿಯಿಂದ ಟವೆಲ್ಲು ಎಸೆದು ಚಾ ಕುಡಿಯಲು ಹೋದ. ಅಷ್ಟರಲ್ಲಿ ಸಂಘದ ಮ್ಯಾನೇಜರು ಸ್ಟೂಲಿನ ಮೇಲೆ ನಿಂತು ಓದಿದರು:

"ಪ್ರಕಟಣೆ. ಸಂಘದ ಬಸ್ಸುಗಳು ಮಳೆಯಿಂದ ಎಂದೂ ತಡವಾಗಿರುವುದಿಲ್ಲ. ಪ್ರಯಾಣಿಕರು ಹತ್ತುವುದು, ಇಳಿಯುವುದು ಹಾಗೂ 'ಅಯ್ಯೋ ನೀರು' ಎಂದು ಕೂಗುವುದರಿಂದ ಮಾತ್ರ ತಡವಾಗಿರುತ್ತವೆ. ಆದಕಾರಣ ಮಳೆ ನಿಲ್ಲುವವರೆಗೆ ಪ್ರಯಾಣಿಕರನ್ನು ಹತ್ತಿಸತಕ್ಕದ್ದಲ್ಲ. ಟವೆಲ್ಲು ಹಾಕಿದವರು ಪ್ರಯಾಣ ಮಾಡಿದಂತೆಯೇ ಭಾವಿಸತಕ್ಕದ್ದು. ಟಿಕೆಟ್ಟನ್ನು ಟವೆಲ್ಲಿಗೆ ಪಿನ್ನು ಮಾಡತಕ್ಕದ್ದು. ಕರವಸ್ತ್ರಕ್ಕೆ ಅರ್ಧ ಟಿಕೆಟ್ಟು."

ಗುಬ್ಬಿ ಬಸ್ಸಿಗೂ ಇದೇ ಕ್ರಮ. ಜನ ಟವೆಲ್ಲುಗಳಿಗೆ ಟಾಟಾ ಮಾಡಿ ಮನೆಗೆ ಹೋದರು. ಕದರಯ್ಯನೊಬ್ಬ ಓಡಿಬಂದ.

"ಸ್ವಾಮಿ, ನನ್ ಮದ್ವೆ!"

"ಟವೆಲ್ ಹಾಕಿದೀಯಾ?"

"ಹಾಕಿದೀನಿ."

"ಮತ್ತೆ ಆಗ್ಲೇ ಹೊರಟಾಯ್ತಲ್ಲಯ್ಯ. ಇಲ್ಲೇನ್ ಮಾಡ್ತಿದೀಯಾ?"

ಬಸ್ಸು ಟೈಮಿಗೆ ಹೊರಟಿತು. ಕುಣಿಗಲ್ ಹತ್ತಿರ ಕೆರೆ ಕೋಡಿ ಬಿದ್ದು ರಸ್ತೆಯೇ ಕಾಣಲಿಲ್ಲ. ಜನವಿಲ್ಲದ ಬಸ್ಸು ತೆಪ್ಪದ ಹಾಗೆ ತೇಲಿತು. ಗುಲಾಮ್ ನಬಿ ಹಾರನ್ ಹೊಡೆದ. ಮೀನುಗಳು ಸೈಡು ಕೊಟ್ಟವು.

ಚಪ್ಪರದ ಬಾಗಿಲಲ್ಲಿ ಹೆಣ್ಣಿನ ಅಪ್ಪ ಪುಟ್ಟರಂಗಯ್ಯ ನಿಂತಿದ್ದ. "ಗಂಡೆಲ್ಲಿ?"

ಕಂಡಕ್ಟರ್ ಚೌಡಪ್ಪ ತಟ್ಟೆಯಲ್ಲಿ ಟವೆಲ್ಲು ಮುಂದಿಟ್ಟ. ಮೀಸೆ ಬೋಳಿಸುವ ಮಾತಿಗೆ ಬಸ್ಸು ಬೇಕಿಲ್ಲ. ಅದು ಕುಣಿಗಲ್ಲಿಗೆ ಮೊದಲೇ ಮುಟ್ಟಿತ್ತು. ಕ್ಷೌರಿಕ ಆಗಲೇ ಕತ್ತಿ ಮಸೆಯತೊಡಗಿದ. ಗುಲಾಮ್ ನಬಿಯ ಕೈ ತಾನಾಗೇ ಮೀಸೆಗೆ ಹೋಯಿತು.

"ಟಿಕೆಟ್ ನೋಡಿ ಯಜಮಾನ್ರೇ. ತುಮಕೂರಿಂದ ಕುಣಿಗಲ್. ತೂತು ಬಿದ್ದೈತೆ," ಎಂದ ಚೌಡಪ್ಪ.

ಪುಟ್ಟರಂಗಯ್ಯ ತೂತಿನಿಂದ ಆಕಾಶ ನೋಡಿದ. ತೂತು ಸಾಚಾ. ಆದರೂ ಅನುಮಾನ. ಒಳಗಿಂದ ಮದುಮಗಳು ಭದ್ರಮ್ಮನ ದನಿ ಬಂತು:

"ಅಪ್ಪಯ್ಯ, ಗಂಟಾಕೋದು ನನ್ ಸೆರಗಿಗೂ ಅವ್ರ ಟವೆಲ್ಲಿಗೂ ತಾನೆ? ಎರಡೂ ಬಂದವೆ. ಮುಹೂರ್ತ ಮೀರ್ತೈತೆ, ನಡೀರಿ."

ಪುರೋಹಿತರಿಗೆ ಆಕ್ಷೇಪಣೆ ಇರಲಿಲ್ಲ. ತಾಳಿಯನ್ನು ಟವೆಲ್ಲಿಗೆ ಮುಟ್ಟಿಸಿ ಗಂಡಿನ ಅಕ್ಕ ಕಟ್ಟಿದಳು. ಕತ್ತಿ ಪೆಟ್ಟಿಗೆ ಸೇರಿತು. ಊಟಕ್ಕೆ ಟವೆಲ್ಲಿಗೂ ಎಲೆ ಹಾಕಿದರು. ಅದು ಸಾಕು ಅನ್ನಲಿಲ್ಲವಾಗಿ ಒಬ್ಬಟ್ಟು ಬಡಿಸುತ್ತಲೇ ಹೋದರು.

ಮಾರನೇ ದಿನ ಮಳೆ ನಿಂತಿತು. ಮ್ಯಾನೇಜರು ಟ್ರಂಕ್ ಕಾಲ್ ಮಾಡಿ ತಿದ್ದುಪಡಿ ಹೊರಡಿಸಿದರು: "ಟವೆಲ್ಲುಗಳು ಕುಳಿತು ಉಳಿದ ಜಾಗದಲ್ಲಿ ಮನುಷ್ಯರನ್ನೂ ಹತ್ತಿಸಿಕೊಳ್ಳಬಹುದು."

ಭದ್ರಮ್ಮ ಗಂಡನನ್ನು ಪಕ್ಕದ ಸೀಟಿನಲ್ಲಿ ಹಾಸಿ ಕುಳಿತಳು. ಬಸ್ಸು ಹೊರಡಬೇಕು, ಅಷ್ಟರಲ್ಲಿ ಕತ್ತಿನವರೆಗೂ ಕೆಸರಾದ ಕದರಯ್ಯ ತುಮಕೂರಿಂದ ನಡೆದೇ ಬಂದ.

"ನಬಿ ಸಾಬ್ರೇ, ತೆಗೀರಿ ಮೀಸೆ!"

"ಯಾಕ್ಲಾ? ಗಂಡು ಮುಹೂರ್ತಕ್ಕೆ ಮುಟ್ಟಿತ್ತು. ನಿನ್ ಮಾವನ್ನೇ ಕೇಳು."

"ಹೂಂ, ಬಂದಿತ್ತು," ಎಂದ ಪುಟ್ಟರಂಗಯ್ಯ. "ಭಾಳ ಸಾಧು. ಒಂದ್ ಎದುರು ಮಾತಾಡ್ಲಿಲ್ಲ."

ಕದರಯ್ಯ ಸುತ್ತ ನೋಡಿದ. ಸ್ವಂತ ಅಕ್ಕನೂ ಹೌದೌದು ಎಂದು ತಲೆಯಾಡಿಸುತ್ತಿದ್ದಳು. ಹತ್ತಿ ಟಿಕೆಟ್ಟು ತೆಗೆದುಕೊಂಡ. ಹೆಂಡತಿಯ ಪಕ್ಕದ ಸೀಟಿನಲ್ಲಿ ಟವೆಲ್ಲಿತ್ತು. ಕಾನೂನು ಅವನಿಗೂ ಗೊತ್ತು. ಕಂಬಿ ಹಿಡಿದು, ಬಗ್ಗಿ, ವಿನಯದಿಂದ ಕೇಳಿದ:

"ಸ್ವಾಮಿ, ಒಸಿ ಜರುಗ್ತೀರಾ?"

ಭದ್ರಮ್ಮ ತುಟಿಯ ಮೇಲೆ ಬೆರಳಿಟ್ಟಳು. "ಶ್... ಅವ್ರಿಗೆ ಈಗಷ್ಟೇ ನಿದ್ದೆ ಹತ್ತೈತೆ. ತುಮಕೂರು ಬರ್ಲಿ, ಕೇಳಿ ಹೇಳ್ತೀನಿ."

"ಆಗ್ಲಿ ಬುಡಿ," ಎಂದು ಕದರಯ್ಯ ನಿಂತುಕೊಂಡ. ಗುಲಾಮ್ ನಬಿ ಕನ್ನಡಿಯಲ್ಲಿ ಮೀಸೆ ತಿರುವಿ ಗೇರು ಹಾಕಿದ. ಬಸ್ಸು ಟೈಮಿಗೆ ಹೊರಟಿತು.