ಅರ್ಕಾವೊತ್ತಿನ ಸತ್ಯಪರೀಕ್ಷೆ

ಗರ್ವವನ್ನು ಗೆಲ್ಲಬೇಕೆಂದು ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಬೋಧಿಸಿದವನು ನಾನು. ಸಂಧ್ಯಾವಂದನೆಯ ಕೊನೆಯಲ್ಲಿ ಇಂದಿಗೂ ದೇವರಲ್ಲಿ ಅದನ್ನೇ ಬೇಡಿಕೊಳ್ಳುತ್ತೇನೆ. ಆದರೆ ನಿವೃತ್ತನಾಗಿ ಮನೆಯಲ್ಲಿ ಕುಳಿತವನನ್ನು ಒಬ್ಬಾಕೆ ಹುಡುಕಿಕೊಂಡು ಬಂದು ‘ಸತ್ಯ’ ಎಂದು ಕರೆದರೆ ಉಬ್ಬದೆ ಇರುವುದು ಹೇಗೆ? ಸತ್ಯವಂತನೆಂದಲ್ಲ, ಸಾಕ್ಷಾತ್ ಸತ್ಯವೆಂದೇ ಕರೆದದ್ದು!

ಕರೆದವಳು ಲವೀನಾ. ಮಂಜೇಶ್ವರದ ಶಾಲೆಯಲ್ಲಿ ನನ್ನ ಕೈಯಲ್ಲೇ ಕನ್ನಡ ಅಕ್ಷರ ತಿದ್ದಿದವಳು. ಮನೆಯಲ್ಲಿ ಕೊಂಕಣಿ ಮಾತನಾಡುವ ಕ್ರೈಸ್ತರ ಮಗಳು. ಈಗ ನಿತ್ಯವೂ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಕಂಪ್ಯೂಟರ್ ಸಂಶೋಧನೆ ಮಾಡುತ್ತಿದ್ದಳು. ತಾಳೆಗರಿಯ ತುಳುಲಿಪಿಯನ್ನು ಓದಬಲ್ಲ, ನ್ಯೂರಲ್ ನೆಟ್‌ವರ್ಕ್ ಎಂಬ ಯಂತ್ರಬುದ್ಧಿಯನ್ನು ಸಿದ್ಧಪಡಿಸುವುದು ಆಕೆಯ ಸಂಕಲ್ಪ. ಗರಿಯ ಪ್ರತಿಯೊಂದು ಅಕ್ಷರವೂ ಯಾವುದೆಂದು ಲಿಪಿ ಬಲ್ಲವರು ಮೊದಲು ಬರೆದುಕೊಡಬೇಕು. ಯಂತ್ರವು ಕೆಲವು ಗರಿಗಳನ್ನು ನೋಡಿ ಕಲಿಯುತ್ತದೆ, ಉಳಿದವುಗಳಲ್ಲಿ ಪರೀಕ್ಷೆ ಬರೆಯುತ್ತದೆ.

“ನೀವು ಬರೆದದ್ದೇ ಸತ್ಯ ಮಾಷ್ಟ್ರೇ. ಯಂತ್ರ ಅದಕ್ಕೆ ಹೊಂದಿದ್ರೆ ಸರಿ, ಇಲ್ಲದಿದ್ರೆ ತಪ್ಪು” ಎಂದಳು.

ಒಳಗಿನಿಂದ ನನ್ನ ಹೆಂಡತಿ, “ಒಳ್ಳೆ ಜನವನ್ನೇ ಹುಡುಕಿದ್ದಿ ಮಾರಾಯ್ತಿ! ಕನ್ನಡಕ ಎಲ್ಲಿಟ್ಟದ್ದು ಅಂತ ಸತ್ಯಕ್ಕೆ ಗೊತ್ತುಂಟಾ ಕೇಳು” ಎಂದಳು. ಮಹಾಸತ್ಯಗಳಿಗೆ ಸ್ವಂತ ಮನೆಯಲ್ಲಿ ಇಷ್ಟೇ ಮರ್ಯಾದೆ.

ನಮ್ಮಲ್ಲಿ ತಾಳೆಗರಿಯ ಎರಡು ಕಟ್ಟುಗಳಿದ್ದವು. ಕಷಾಯ, ಲೇಹ್ಯಗಳ ವೈದ್ಯಗ್ರಂಥವನ್ನು ದಿನವೂ ಬೆಳಿಗ್ಗೆ ಕಣ್ಣು ಕಿರಿದಾಗಿಸಿ, ಅಕ್ಷರಕ್ಕೆ ಅಕ್ಷರ ಹುಡುಕಿ ಓದಿದೆ. ಯಂತ್ರ ಕಲಿತದ್ದು ಅದರ ಅರ್ಧ ಗರಿಗಳಿಂದಲೇ, ಉಳಿದರ್ಧ ಪರೀಕ್ಷೆಗೆ. ಎರಡನೆಯದು ವಿಷ್ಣುಸ್ತೋತ್ರ, ಉಪನಯನವಾದಂದಿನಿಂದ ನನಗೆ ಕಂಠಸ್ಥವಾದದ್ದು. ಅದನ್ನು ಏಕಾದಶಿಗಳಂದು ಮಾತ್ರ, ಮಿಂದು ಮಡಿಯುಟ್ಟು, ಉಪವಾಸದ ನಿರ್ಮಲ ಚಿತ್ತದಿಂದ ಓದಿ ಬರೆದುಕೊಟ್ಟೆ. ಅಂಥ ಶುದ್ಧವಾದ ಸತ್ಯ ಬೇರೆ ಯಾವ ಯಂತ್ರಕ್ಕೂ ದೊರೆತಿರಲಾರದೆಂಬ ಹೆಮ್ಮೆಯೂ ಇತ್ತು.

ಕೆಲವು ತಿಂಗಳು ಕಳೆದು ಲವೀನಾ ಬಾಡಿದ ಮುಖ ಹೊತ್ತು ಬಂದಳು. ಯಂತ್ರ ಬಹುಪಾಲು ಅಕ್ಷರಗಳನ್ನು ಸರಿಯಾಗಿಯೇ ಓದಿತ್ತಂತೆ.

“ಹಾಗಾದರೆ ಪ್ರಥಮ ದರ್ಜೆಯಲ್ಲವೇ? ಅಳುವುದು ಎಂತಕ್ಕೆ?” ಎಂದೆ.

“ಅಂಕ ಬಂದ್ರೆ ಸಾಲದು ಮಾಷ್ಟ್ರೇ, ತಪ್ಪು ಎಲ್ಲೆಲ್ಲಿ ಬಿದ್ದಿದೆ ಅಂತ ನೋಡ್ಬೇಕು. ಅದಕ್ಕೆ ಕೈ-ಸ್ಕ್ವೇರ್ ಅಂತ ಒಂದು ಪರೀಕ್ಷೆ ಉಂಟು.”

ನಾನು ಗಂಭೀರನಾಗಿ ಬಲಗೈಯನ್ನು ಉತ್ತರೀಯದಲ್ಲಿ ಒರೆಸಿ ಮುಂದೆ ಚಾಚಿದೆ. ಆಕೆ ನಗುವನ್ನು ನುಂಗಿಕೊಂಡು, “ಆ ಕೈ ಅಲ್ಲ ಮಾಷ್ಟ್ರೇ, ಅದೊಂದು ಗ್ರೀಕ್ ಅಕ್ಷರ” ಎಂದಳು. ಜೀವಮಾನವಿಡೀ ಅಕ್ಷರ ಕಲಿಸಿದವನು ಆ ಅಕ್ಷರದ ಮುಂದೆ ಕೈ ಮಡಚಿಕೊಂಡೆ.

ಪರೀಕ್ಷೆಯ ತತ್ತ್ವವೇನೋ ಸರಳವಾದದ್ದೇ. ತಪ್ಪುಗಳು ಆಕಸ್ಮಿಕವಾದರೆ ಎರಡು ಕಟ್ಟುಗಳಲ್ಲಿಯೂ ಗಾತ್ರಕ್ಕೆ ತಕ್ಕಷ್ಟು ಹಂಚಿಹೋಗಬೇಕು. ಒಂದೇ ಕಡೆ ಗುಂಪುಗೂಡಿದರೆ ಏನೋ ಕಾರಣವಿದೆಯೆಂದೇ ಅರ್ಥ. ಇಲ್ಲಿ ಹೆಚ್ಚಿನ ತಪ್ಪುಗಳು ಸ್ತೋತ್ರದಲ್ಲಿ ಸಭೆ ಸೇರಿದ್ದವು. ಕಾರಣ ಹೇಳದಿದ್ದರೆ ಸೋಮವಾರ ಗೈಡ್ ಆಕೆಯ ಪ್ರಬಂಧವನ್ನು ಹಿಂದಕ್ಕೆ ಕೊಡುವವರಿದ್ದರು.

“ಕಾರಣ ಸ್ಪಷ್ಟವಾಗಿಯೇ ಉಂಟು” ಎಂದೆ. “ನಿನ್ನ ಯಂತ್ರಕ್ಕೆ ಭಕ್ತಿ ಇಲ್ಲ. ಕಷಾಯ ದಕ್ಕಿತು, ಸ್ತೋತ್ರ ದಕ್ಕಲಿಲ್ಲ.”

ಲವೀನಾ ಗರಿಯ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. “ಇಲ್ಲಿ ‘ಧರ್ಮ’ ಅಂತ ಬರೆದು ಕೊಟ್ಟಿದ್ದೀರಿ. ಅರ್ಕಾವೊತ್ತು ಎಲ್ಲುಂಟು ಮಾಷ್ಟ್ರೇ?”

ಕನ್ನಡಕ ಒರೆಸಿ ನೋಡಿದೆ. ಇರಲಿಲ್ಲ. ‘ಸರ್ವ’ದಲ್ಲಿಯೂ ಇಲ್ಲ, ‘ಕರ್ಮ’ದಲ್ಲಿಯೂ ಇಲ್ಲ. ಆ ಪುಣ್ಯಾತ್ಮ ಲಿಪಿಕಾರ ಸ್ತೋತ್ರದುದ್ದಕ್ಕೂ ಅರ್ಕಾವೊತ್ತಿನ ಗುರುತನ್ನು ಬಿಡುತ್ತಾ ಹೋಗಿದ್ದ. ನಾನು ನಾಲಿಗೆಯ ರೂಢಿಯಿಂದ ಅದನ್ನು ತುಂಬುತ್ತಾ ಹೋಗಿದ್ದೆ. ಗರಿಯಲ್ಲಿದ್ದುದನ್ನು ಇದ್ದ ಹಾಗೆ ಓದಿದ್ದು ಯಂತ್ರ. ತಪ್ಪಿದ್ದು ಸತ್ಯ.

ಆಕೆ ನೆಲ ನೋಡುತ್ತಾ ಮೆಲ್ಲನೆ, “ಉಕ್ತಲೇಖನದಲ್ಲಿ ನೀವೇ ಹೇಳ್ತಿದ್ರಿ ಅಲ್ವಾ ಮಾಷ್ಟ್ರೇ? ‘ನಾನು ಹೇಳಿದ್ದನ್ನು ಬರೆ, ನಿನಗೆ ಬರುವುದನ್ನಲ್ಲ’ ಅಂತ” ಎಂದಳು. ದೇವರ ದಯೆಯಿಂದ ಆ ಹೊತ್ತಿಗೆ ಒಳಗೆ ಮಿಕ್ಸಿ ತಿರುಗುತ್ತಿತ್ತು.

ಎರಡು ದಿನ ತುಟಿ ಬಿಗಿದುಕೊಂಡು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಸ್ತೋತ್ರವನ್ನು ಪುನಃ ಓದಿದೆ. ತಿದ್ದಿದ ಸತ್ಯವನ್ನು ಎದುರಿಗಿಟ್ಟು ನೋಡಿದಾಗ ಉಳಿದ ತಪ್ಪುಗಳು ಎರಡು ಕಟ್ಟುಗಳಲ್ಲಿಯೂ ಪಕ್ಷಪಾತವಿಲ್ಲದೆ ಹರಡಿಕೊಂಡವು. ಗೈಡ್ ಒಪ್ಪಿದರು. ಗುರುವಿನ ಮಾತನ್ನೂ ಪರೀಕ್ಷಿಸದೆ ಸ್ವೀಕರಿಸದ ಶಿಷ್ಯೆ ನನಗೆ ದೊರೆತಳೆಂಬ ಹೆಮ್ಮೆಯನ್ನು ಮಾತ್ರ ಯಾವ ಸಂಧ್ಯಾವಂದನೆಯೂ ಇದುವರೆಗೆ ಕರಗಿಸಿಲ್ಲ.

ಪ್ರಬಂಧದ ಒಂದು ಪ್ರತಿಯನ್ನು ಲವೀನಾ ತಂದುಕೊಟ್ಟಿದ್ದಾಳೆ. ಇಡೀ ಇಂಗ್ಲಿಷಿನ ನಡುವೆ ನನಗೆ ಕೃತಜ್ಞತೆ ಹೇಳುವ ಒಂದೇ ಒಂದು ಕನ್ನಡ ವಾಕ್ಯ. ಮುದ್ರಿಸುವಾಗ ಕನ್ನಡ ಅಕ್ಷರಗಳು ಕೆಟ್ಟುಹೋಗಿ, ಆ ವಾಕ್ಯವನ್ನು ಉಪ್ಪಳದ ಮುದ್ರಣದಂಗಡಿಯಲ್ಲಿ ಹೊಸದಾಗಿ ಟೈಪು ಮಾಡಿಸಬೇಕಾಯಿತಂತೆ. ಹಾಗಾಗಿ ವಿಷ್ಣುಮೂರ್ತಿಯಾದ ನಾನು ಅದರಲ್ಲಿ ‘ವಿಷ್ಣುಮೂತಿ’ಯಾಗಿದ್ದೇನೆ. ಮನೆಗೆ ಬಂದವರಿಗೆಲ್ಲ ಆ ಪುಟವನ್ನು ತೆರೆದು ಗಟ್ಟಿಯಾಗಿ, ಅರ್ಕಾವೊತ್ತು ಸಹಿತವಾಗಿ ಓದಿ ಹೇಳುತ್ತೇನೆ. ಪುಸ್ತಕವನ್ನು ಅವರ ಕೈಗೆ ಮಾತ್ರ ಕೊಡುವುದಿಲ್ಲ.