ಗುರುವಾರದ ಪಾಳಿ ಸೋಮವಾರಕ್ಕೆ

ದೇವರಾಣೆ ಹೇಳುತ್ತೇನೆ, ಇಂಥ ಪವಾಡ ನಾನು ಹಿಂದೆ ಕಂಡಿರಲಿಲ್ಲ. ಹೊನ್ನೂರಿನ ನಮ್ಮ ರೈತರ ಕೂಟಕ್ಕೆ ಇರುವುದು ಒಂದೇ ಭತ್ತ ಕೊಯ್ಯುವ ಯಂತ್ರ, ಕಾಯುವ ಮನೆಗಳು ನಲವತ್ತು. ಮೊದಲೆಲ್ಲ ಪಾಳಿ ಗೊತ್ತುಮಾಡಲು ಹಾಲಿನ ಡೈರಿ ಮುಂದೆ ಮೂರು ದಿನ ಕುರುಕ್ಷೇತ್ರ ನಡೆಯುತ್ತಿತ್ತು. ಈ ವರ್ಷ ಎಲ್ಲರ ಫೋನಿಗೂ ಒಬ್ಬೊಬ್ಬ ಏಜೆಂಟ್ ಬಂದ. ಮನುಷ್ಯನಲ್ಲ, ಸಾಫ್ಟ್‌ವೇರ್. ನಮಗೆ ಬೇಕಾದ್ದನ್ನು ಹೇಳಿದರೆ ಸಾಕು, ಏಜೆಂಟರೇ ತಮ್ಮತಮ್ಮಲ್ಲಿ ಮಾತಾಡಿಕೊಂಡು ಪಾಳಿ ಅದಲುಬದಲು ಮಾಡುತ್ತಾರೆ.

ನನಗೆ ಬಿದ್ದದ್ದು ಗುರುವಾರ. ಮಂಗಳವಾರವೇ ಮಳೆಯಂತೆ! ಹಣ್ಣಾದ ಭತ್ತ ಗದ್ದೆಯಲ್ಲಿ ತಲೆ ತೂಗುತ್ತಿತ್ತು. (ಮಳೆಗೆ ಮಲಗಿದರೆ ಅಲ್ಲೇ ಮೊಳಕೆ.)

"ಸೋಮ್ವಾರ ಕೊಡ್ಸಪ್ಪಾ," ಎಂದು ಫೋನಿಗೆ ಕೈಮುಗಿದೆ.

"ಬದಲಿಗೆ ಏನು ಕೊಡುತ್ತೀರಿ?" ಎಂದ ಏಜೆಂಟ್.

"ಲೇ ಯಶೋದಾ, ಮನೇಲಿ ಕೊಡೋಂಥದ್ದು ಏನದೋ ನೋಡಿ ಯೋಳ್ಬುಡು," ಎಂದು ಫೋನನ್ನು ಹೆಂಡತಿಯ ಕೈಗಿಟ್ಟು ಟೀ ಕುಡಿಯಲು ಹೋದೆ.

ಬರುವಷ್ಟರಲ್ಲಿ ಸೋಮವಾರ ನನ್ನದಾಗಿತ್ತು! ನಮ್ಮ ಕೂಟದ ಗುರುಸಿದ್ದಮ್ಮನ ಭತ್ತ ಇನ್ನೂ ಹಸಿರು. ಆಕೆಯ ಸೋಮವಾರ ನನಗೆ, ನನ್ನ ಗುರುವಾರ ಪುಟ್ಟಸಿದ್ದಯ್ಯನಿಗೆ, ಅವನ ಮುಂದಿನ ವಾರ ಆಕೆಗೆ. ಮೂರು ಮನೆಯ ಒಪ್ಪಂದ, ಅರ್ಧ ನಿಮಿಷ, ಒಂದೂ ಬೈಗುಳವಿಲ್ಲ! ನನ್ನ ಮೈ ಜುಮ್ಮೆಂದಿತು.

ಸೋಮವಾರ ಸಂಜೆಗೆ ಭತ್ತ ಮೂಟೆಯಾಗಿ ನಡುಮನೆ ಸೇರಿತು. ಮಂಗಳವಾರ ಮಳೆ ಧೋ ಎಂದು ಸುರಿಯಿತು. ಜಗಲಿಯಲ್ಲಿ ಕುಳಿತು ನೋಡಿದ ನನಗೆ ಆನಂದಬಾಷ್ಪ.

ಬುಧವಾರ ಬೆಳಿಗ್ಗೆ ಗುರುಸಿದ್ದಮ್ಮ ಬಾಗಿಲಲ್ಲಿ ನಿಂತಿದ್ದಳು. "ಏಳಪ್ಪಾ, ಎಂಟ್ನೂರು ತೆಂಗಿನಕಾಯಿ ಸುಲೀಬೇಕು."

"ನಾನ್ಯಾಕವ್ವಾ?"

"ಸೋಮ್ವಾರ ಬುಟ್ಕೊಟ್ಟಿದ್ಕೆ ನಿನ್ ಎಲ್ಡು ದಿನ ನನ್ಗೆ ಬಂದದೆ. ಫೋನ್ ನೋಡ್ಕೊ."

ಯಶೋದ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಟ್ರಾಕ್ಟರ್ ಇಲ್ಲ, ಪಂಪ್‌ಸೆಟ್ ಕೆಟ್ಟದೆ. ನಿಮ್ನ ಬುಟ್ರೆ ಮನೇಲಿ ಕೊಡಕ್ಕೆ ಇನ್ನೇನದೆ ಕಣ್ರೀ?"

ಎರಡು ದಿನ ಸುಲಿದೆ. ಕಾಯಿಗಿಂತ ನಾನೇ ಹೆಚ್ಚು ಸುಲಿದುಹೋದೆ. ಗುರುವಾರ ಸಂಜೆ ಏಜೆಂಟನಿಗೆ, "ನಾಳೆ ಮನೇಲಿ ಮಲೀಕತೀನಿ," ಎಂದೆ.

"ನಾಳೆ ನಿಮ್ಮನ್ನು ಪುಟ್ಟಸಿದ್ದಯ್ಯನವರು ಪಡೆದಿದ್ದಾರೆ. ಗುರುಸಿದ್ದಮ್ಮನವರು ನಿಮ್ಮ ಕೆಲಸವನ್ನು ಬಹಳ ಮೆಚ್ಚಿ ಹೇಳಿದ್ದರಿಂದ ಬೇಡಿಕೆ ಏರಿದೆ. ಯಶೋದ ಅವರ ಒಪ್ಪಿಗೆಯೂ ಆಗಿದೆ."

"ಅಯ್ಯೋ, ನನ್ಗೆ ನಾನೇ ಒಂದ್ ದಿನ ಬೇಕು ಕಣಯ್ಯಾ!"

ಆ ಮಹಾನುಭಾವ ಕ್ಷಣಕಾಲ ಊರೆಲ್ಲ ವಿಚಾರಿಸಿ ಬಂದ.

"ಮುಂದಿನ ಶನಿವಾರದವರೆಗೆ ನೀವು ಖಾಲಿ ಇಲ್ಲ. ಕಾಯುವವರ ಪಟ್ಟಿಗೆ ನಿಮ್ಮ ಹೆಸರು ಸೇರಿಸಿದ್ದೇನೆ. ನೀವು ನಾಲ್ಕನೆಯವರು."