ಏಳನೇ ನಂಬರ್ ಕಂಪ್ಯೂಟರಿನ ಕೂಲರ್ ಮತ್ತು ನನ್ನ ಗೈರುಹಾಜರಿ

ಇಂದ:
ಕಾನ್ ಬೊಂಗ್‌ಛೀ, ವಯಸ್ಸು 73
ವಿದ್ಯಾರ್ಥಿ ಸಂಖ್ಯೆ 7, ವಯಸ್ಕರ ರಾತ್ರಿ ತರಗತಿ, ಮೂರನೇ ವರ್ಷ (ನಾಲ್ಕನೇ ಸಲ)
ಛತ್ರಿ ಕಾರ್ಖಾನೆಯ ಹಿಂದಿನ ಓಣಿ, ಚಾಂಗ್‌ಹುವಾ, ತೈವಾನ್

ಗೆ:
ಮಾನ್ಯ ಮುಖ್ಯಸ್ಥರು, ಶಾಲಾ ಆಸ್ತಿ ವಿಭಾಗ
(ಪರೀಕ್ಷಾ ವಿಭಾಗದ ಪ್ರಭಾರವೂ ತಮ್ಮದೇ ಆದ್ದರಿಂದ ಪ್ರತಿ ಒಂದೇ ಸಾಕೆಂದು ಭಾವಿಸಿದ್ದೇನೆ)

ದಿನಾಂಕ: ಗಣರಾಜ್ಯ ವರ್ಷ 112 (ಕ್ರಿ.ಶ. 2023), ಆರನೇ ತಿಂಗಳು, 18

ವಿಷಯ: ಕಂಪ್ಯೂಟರ್ ನಂ. 7ಕ್ಕೆ ಅಗ್ಗದ ಕೂಲರ್ ಅಳವಡಿಸಿದ ಅಪರಾಧದ ಬಗ್ಗೆ ಹಾಗೂ "ಕಲಿಕೆಗೆ ಅಸಮರ್ಥರು" ಪಟ್ಟಿಯಿಂದ ನನ್ನ ಹೆಸರು ಕೈಬಿಡುವ ಬಗ್ಗೆ.

ಉಲ್ಲೇಖ: 1) ತಿಂಡಿ ಪೊಟ್ಟಣಗಳ ಅವಧಿ ಪರಿಶೀಲನೆ ಕುರಿತ ತಮ್ಮ ಸುತ್ತೋಲೆ. 2) ದಿನಾಂಕ 12ರ ಸೀಲು ನೋಟಿಸು. 3) ದಿನಾಂಕ 20ರಂದು ಅಂತಿಮಗೊಳ್ಳಲಿರುವ ಸದರಿ ಪಟ್ಟಿಯ ಕರಡು.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅವಸರವಿಲ್ಲದೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ನಿಯಮ 6ರ ಪ್ರಕಾರ ವಿದ್ಯಾರ್ಥಿಯ ಸಂಖ್ಯೆ ಯಾವುದೋ ಕಂಪ್ಯೂಟರಿನ ಸಂಖ್ಯೆಯೂ ಅದೇ ಆಗಿರತಕ್ಕದ್ದು, ಜಾಗ ಬದಲಾಯಿಸತಕ್ಕದ್ದಲ್ಲ. ಕಾರಣ, ನನಗೆ ಏಳನೆಯದು ಬಂತು. ಅಂತಿಮ ಪರೀಕ್ಷೆಯಲ್ಲಿ ಐವತ್ತು ನಿಮಿಷದೊಳಗೆ ಮುನ್ನೂರು ಅಕ್ಷರದ ಒಂದು ಪತ್ರ ಟೈಪ್ ಮಾಡಬೇಕು. ಏಳನೆಯದು ಇಪ್ಪತ್ತನೇ ನಿಮಿಷಕ್ಕೆ ತಾನಾಗಿ ಆರಿಹೋಗುತ್ತದೆ. ಪರೀಕ್ಷೆಯ ಪ್ರೋಗ್ರಾಮು ಮಧ್ಯದಲ್ಲಿ ಏನನ್ನೂ ಉಳಿಸಿಕೊಳ್ಳಲು ಬಿಡುವುದಿಲ್ಲ. ನಾನು ನಿಧಾನ; ಯಂತ್ರ ನಿಧಾನವಲ್ಲ, ಆರುವುದರಲ್ಲಿ.

2. ಮೊದಲ ಸಲ ಆರಿದಾಗ ತಮ್ಮ ವಿಭಾಗದ ಲುವೊ ಸಾಹೇಬರು ಬಂದರು. ಯಂತ್ರ ನಮ್ಮ ಮಾತು ಕೇಳಲೆಂದು ಅದರ ತಲೆಯ ಮೇಲೆ ನಾವೆಲ್ಲ ಇಡುವ ಹಸಿರು ಪೊಟ್ಟಣದ ತೆಂಗಿನಕಾಯಿ ಕುರುಕಲನ್ನು ಎತ್ತಿ, ಕನ್ನಡಕ ಏರಿಸಿ, ತಾರೀಖು ಓದಿದರು.

"ಅಜ್ಜೀ, ಅವಧಿ ಮುಗಿದು ಹನ್ನೊಂದು ದಿನ ಆಗಿದೆ ನೋಡಿ. ಅದಕ್ಕೇ ಮುನಿಸ್ಕೊಂಡಿದೆ."

"ಸಾಹೇಬ್ರೆ, ಒಂದ್ಸಲ ಮೇಲೆ ಕೈ ಇಟ್ಟು ನೋಡಿ. ಬಾಣಲೆ ಥರ ಸುಡ್ತಿದೆ."

"ಕೈ ಇಡೋದು ನನ್ನ ಕೆಲಸದಲ್ಲಿ ಬರಲ್ಲ ಅಜ್ಜಿ. ತಾರೀಖು ನೋಡೋದು ಬರುತ್ತೆ."

ಎರಡನೇ ಸಲ ಆರಿದಾಗ ಪೊಟ್ಟಣ ಹೊಸದಿತ್ತು, ಆದರೆ ಯಾರೋ ಹಳದಿಯದನ್ನು ತಂದಿಟ್ಟಿದ್ದರು. ಹಳದಿಯಿಂದ ಯಂತ್ರ ಕೆಡುತ್ತದೆಂಬುದು ನಮ್ಮ ಕಡೆ ಸರ್ವವಿದಿತ. ವರದಿಯಲ್ಲಿ ಅದೇ ಬಂತು. ಮೂರನೇ ಸಲ ಪೊಟ್ಟಣ ಹಸಿರಾಗಿಯೂ ತಾಜಾ ಆಗಿಯೂ ಇತ್ತು. ಬೇರೆ ಯಾವ ದೋಷವೂ ಸಿಗದ ಕಾರಣ, ವರದಿಯ 'ಕಾರಣ' ಎಂಬ ಅಂಕಣದಲ್ಲಿ "ಅಭ್ಯರ್ಥಿಯ ವಯಸ್ಸು" ಎಂದು ದಾಖಲಿಸಲಾಯಿತು.

3. ನಾಲ್ಕನೇ ಸಲವೂ ತಪ್ಪಿದವರ ಹೆಸರನ್ನು ಹಾಜರಿಯಿಂದ ತೆಗೆದು ಉಲ್ಲೇಖ 3ರ ಪಟ್ಟಿಗೆ ಸೇರಿಸುವುದು ನಿಯಮ. ನನ್ನನ್ನು ಎಂಟನೇ ವಯಸ್ಸಿನಲ್ಲಿ ಬೇರೆ ಮನೆಗೆ ಸೊಸೆಯಾಗಲೆಂದು ಸಾಕಲು ಕೊಟ್ಟರು. ಆ ಮನೆಯಲ್ಲಿ ಶಾಲೆಗೆ ಹೋಗುತ್ತಿದ್ದುದು ಅವರ ಮಕ್ಕಳು. ಆಗ ಕಲಿಯಲಿಲ್ಲ ಎಂದು ಯಾರಾದರೂ ಬರೆದರೆ ಒಪ್ಪುತ್ತೇನೆ. ಕಲಿಯಲಾರಳು ಎಂದು ಬರೆದು ಮೊಹರು ಒತ್ತುವುದನ್ನು ಒಪ್ಪಲಾರೆ. ಆದ್ದರಿಂದ ಪೂರ್ವಾನುಮತಿ ಇಲ್ಲದೆ ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ಬಾಗಿಲು ಬಿಚ್ಚಿದೆ.

4. ಒಳಗೆ ಕಂಡದ್ದು: ಪ್ರೊಸೆಸರಿನ ಮೇಲೆ ಕೂತ ಪುಟ್ಟ ಫ್ಯಾನಿನ ನಾಲ್ಕು ಕಾಲುಗಳಲ್ಲಿ ಒಂದು ಮುರಿದು ವಾಲಿತ್ತು. ಶಾಖ ದಾಟಿಸಲೆಂದು ಅಡಿಗೆ ಹಚ್ಚಿದ್ದ ಪೇಸ್ಟು ಒಣಗಿ ಸೀಮೆಸುಣ್ಣವಾಗಿತ್ತು. ಪೆಟ್ಟಿಗೆಯ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ತೂತುಗಳಿದ್ದವು. ಅವುಗಳ ಮೇಲೆ ಸರಿಯಾಗಿ, ಸುತ್ತೋಲೆಯಲ್ಲಿ ನಮೂದಿಸಿದ ಜಾಗದಲ್ಲೇ, ಪೊಟ್ಟಣ ಮಲಗಿತ್ತು.

5. ಪ್ರೊಸೆಸರನ್ನು ತಣ್ಣಗಿಡುವ ಹೊಸ ಕೂಲರ್ ತರಲು ತಾಯ್‌ಚುಂಗ್‌ನ ಕಂಪ್ಯೂಟರ್ ಅಂಗಡಿಗಳ ಕಟ್ಟಡಕ್ಕೆ ಹೋದೆ. ಮೂರನೇ ಮಹಡಿಯಲ್ಲಿ ಮೆಯಿಶ್ಯು ಎಂಬಾಕೆ ಅಂಗಡಿ ನಡೆಸುತ್ತಾಳೆ.

"ಯಾರಿಗೆ ಅಜ್ಜಿ? ಮೊಮ್ಮಗನಿಗಾ?"

"ನನಗೇ."

"ಅಯ್ಯೋ, ಗೇಮ್ ಆಡ್ತೀರಾ?"

"ಪರೀಕ್ಷೆ ಬರೀತೀನಿ. ಮೂರು ಸಲ ಔಟಾಗಿದೀನಿ."

ಆಕೆ ಮೊದಲು ತೋರಿಸಿದ್ದು ಏಳು ಬಣ್ಣದ ದೀಪ ಉರಿಯುವ ಕೂಲರ್.

"ದೀಪ ನೋಡೋಕೆ ಗುಡಿಗೆ ಹೋಗ್ತೀನಿ ಮಗಳೇ. ಇದು ತಣ್ಣಗಿಡುತ್ತಾ ಹೇಳು."

"ದೀಪಕ್ಕೂ ತಂಪಿಗೂ ಸಂಬಂಧ ಇಲ್ಲ ಅಜ್ಜಿ."

"ಮತ್ತೆ ಸಂಬಂಧ ಇಲ್ಲದ್ದಕ್ಕೆ ಯಾಕೆ ದುಡ್ಡು? ದೀಪ ಇಲ್ಲದ್ದು ಕೊಡು."

ನೀರು ಹರಿಯುವ ಇನ್ನೊಂದು ಬಗೆಯೂ ಇತ್ತು. ಅದರ ಬೆಲೆಗೆ ಏಳನೆಯದರಂಥ ಎರಡು ಕಂಪ್ಯೂಟರ್ ಬರುತ್ತವೆಂದು ಆಕೆಯೇ ನಕ್ಕಳು. ಕೊನೆಗೆ ನಾಲ್ಕು ತಾಮ್ರದ ಕೊಳವೆ, ಅವುಗಳಿಗೆ ಪೋಣಿಸಿದ ತಗಡಿನ ಹಾಳೆಗಳು, ಒಂದು ಫ್ಯಾನು ಇರುವ 490 ತೈವಾನ್ ಡಾಲರಿನದನ್ನು ಆರಿಸಿದೆ.

"ಎತ್ತರ ಅಳೆದಿದೀರಾ? ಬಾಗಿಲು ಮುಚ್ಬೇಕಲ್ಲ."

"ಅಳತೆ ನನಗೆ ಹೇಳ್ಕೊಡ್ಬೇಡ" ಎಂದೆ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಮೂವತ್ತೊಂದು ವರ್ಷ ಛತ್ರಿಗೆ ಕಡ್ಡಿ ಕಟ್ಟಿದವಳು ನಾನು. ಛತ್ರಿಯನ್ನು ಅಳೆಯುವುದು ಹೊರಗಿನಿಂದ. ಪೆಟ್ಟಿಗೆಯನ್ನೂ ಹಾಗೇ ಅಳೆದಿದ್ದೆ. ಕೂಲರ್ ಕೂರುವುದು ಒಳಗೆ ಎಂಬುದು ಹೊಳೆಯಲಿಲ್ಲ.

6. ದಿನಾಂಕ 10ರಂದು ಅಳವಡಿಕೆ ನಡೆಯಿತು. ಟಾರ್ಚು ಹಿಡಿದವಳು ಸಹಪಾಠಿ, ವಿದ್ಯಾರ್ಥಿ ಸಂಖ್ಯೆ 8, ಮೀನುಂಡೆ ಮಾರುವ ಗಿಮ್‌ತೋ. ಹಳೆಯ ಪೇಸ್ಟನ್ನು ಒರೆಸಿ ಹೊಸದನ್ನು ಬಟಾಣಿಯಷ್ಟು ಹಾಕಿದೆ.

"ಅಕ್ಕಾ, ಇಷ್ಟು ಪೇಸ್ಟು ನಿನ್ನ ಉಳಿದಿರೋ ಹಲ್ಲಿಗೂ ಸಾಲಲ್ಲ."

"ಜಾಸ್ತಿ ಹಾಕಿದ್ರೆ ಪಕ್ಕಕ್ಕೆ ಸೋರುತ್ತಂತೆ. ಸುಮ್ನೆ ಬೆಳಕು ಬಿಡು."

"ತಡಿ, ತಡಿ! ಕೂಲರ್ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಇದೆ. ಏನೋ ಬರೆದಿದೆ. 'ಕೂರಿಸುವ ಮೊದಲು... ಇದನ್ನು... ತೆಗೆಯಿರಿ.' ಅಕ್ಕಾ, ನಾನು ಓದ್ದೆ!"

ಇವಳು ಪರೀಕ್ಷೆಯಲ್ಲಿ ಎರಡು ಸಲ ತಪ್ಪಿದ್ದಾಳೆ, ತಮ್ಮ ಗಮನಕ್ಕೆ.

ನಾಲ್ಕು ಸ್ಕ್ರೂಗಳನ್ನು ಒಂದೇ ಸಲ ಬಿಗಿಯದೆ, ಎದುರುಬದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ತಿರುವಿದೆ. ಫ್ಯಾನಿನ ತಂತಿ ಚುಚ್ಚಿದೆ. ಬಾಗಿಲು ಮಾತ್ರ ಮುಚ್ಚಲಿಲ್ಲ. ಕೂಲರ್ ಮೂರು ಮಿಲಿಮೀಟರ್ ಎತ್ತರವಾಗಿತ್ತು. ಬಾಗಿಲನ್ನು ಗೋಡೆಗೆ ಒರಗಿಸಿ, ಪೊಟ್ಟಣವನ್ನು ಪಕ್ಕದ ಮೇಜಿಗೆ ವರ್ಗಾಯಿಸಿದೆ. ಹಿಂದೆ 98 ಡಿಗ್ರಿಗೆ ಏರಿ ಆರುತ್ತಿದ್ದ ಯಂತ್ರ ಎರಡು ಗಂಟೆ ಉರಿದರೂ 58 ದಾಟಲಿಲ್ಲ.

7. ದಿನಾಂಕ 12ರಂದು ಲುವೊ ಸಾಹೇಬರು ಪೊಟ್ಟಣಗಳ ಮಾಸಿಕ ತಪಾಸಣೆಗೆ ಬಂದರು.

"ಪೊಟ್ಟಣ ಎಲ್ಲಿ?"

"ಮೇಜಿನ ಮೇಲಿದೆ ಸಾಹೇಬ್ರೆ. ಅವಧಿ ಇನ್ನೂ ನಾಲ್ಕು ತಿಂಗಳಿದೆ."

"ಯಂತ್ರದ ಮೇಲಿಲ್ಲ ಅಂದ್ರೆ ಇಲ್ಲ ಅಂತಾನೇ ಅರ್ಥ. ಬಾಗಿಲು ಯಾಕೆ ತೆರೆದಿದೆ?"

"ಅದಿರ್ಲಿ, ಯಂತ್ರ ಓಡ್ತಿದೆ ನೋಡಿ. ಈಗ ಆರೋದೇ ಇಲ್ಲ."

"ಓಡ್ತಿದೆ ಅಜ್ಜಿ, ನಾನು ಇಲ್ಲ ಅಂದ್ನಾ? ಕ್ರಮಬದ್ಧವಾಗಿ ಓಡ್ತಿಲ್ಲ."

ಹೀಗೆಂದು, ಬಾಗಿಲೇ ಮುಚ್ಚದ ಪೆಟ್ಟಿಗೆಗೆ ಎಲ್ಲಿ ಸೀಲು ಹಾಕುವುದೆಂದು ಸ್ವಲ್ಪ ಹೊತ್ತು ಯೋಚಿಸಿ, ಕೊನೆಗೆ ಆನ್ ಮಾಡುವ ಗುಂಡಿಯ ಮೇಲೆ ಕಾಗದ ಅಂಟಿಸಿ ಮೊಹರು ಒತ್ತಿದರು.

8. ದಿನಾಂಕ 15ರಂದು ನಾಲ್ಕನೇ ಪರೀಕ್ಷೆ. ಪ್ರಶ್ನೆಪತ್ರಿಕೆ ಕೊಟ್ಟರು. ಬೇರೆ ಯಂತ್ರಕ್ಕೆ ನಿಯಮ 6 ಅಡ್ಡಿ. ನನ್ನ ಯಂತ್ರಕ್ಕೆ ಸೀಲು ಅಡ್ಡಿ. ಐವತ್ತು ನಿಮಿಷವೂ ಬೆನ್ನು ನೆಟ್ಟಗೆ ಮಾಡಿ ಅದರ ಮುಂದೆಯೇ ಕುಳಿತಿದ್ದೆ. ಟೈಪ್ ಮಾಡಿದ ಹಾಳೆ ಬಾರದ ಕಾರಣ "ಗೈರುಹಾಜರು" ಎಂದೂ, ಗೈರುಹಾಜರಾದ ಕಾರಣ "ಅನುತ್ತೀರ್ಣ" ಎಂದೂ, ಅನುತ್ತೀರ್ಣಳಾದ ಕಾರಣ "ಅಸಮರ್ಥಳು" ಎಂದೂ ಕರಡಿನಲ್ಲಿ ಸೇರಿಸಲಾಗಿದೆ. ಒಂದೇ ಸಂಜೆಯಲ್ಲಿ ಇಷ್ಟು ಕೆಲಸ ತಮ್ಮ ಕಚೇರಿಯಲ್ಲಿ ನಡೆದದ್ದನ್ನು ನಾನು ಹಿಂದೆ ಕಂಡಿಲ್ಲ.

9. ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ನನ್ನ ಅಕ್ಷರಗಳನ್ನು ನೋಡದೆ ನನ್ನ ಹೆಸರನ್ನು ಪಟ್ಟಿಗೆ ಸೇರಿಸಬಾರದಾಗಿ ಕೋರುತ್ತೇನೆ. ನೋಡಿದ ಮೇಲೂ ಸೇರಿಸಬೇಕೆನಿಸಿದರೆ ಅಡ್ಡಿಯಿಲ್ಲ. ಆಗ ಅದು ನನ್ನದೇ ಸೋಲು.

ಕರಡಿನಲ್ಲಿ ಗೈರು, ಕುರ್ಚಿಯಲ್ಲಿ ಹಾಜರಿರುವ,
ತಮ್ಮ ವಿಶ್ವಾಸಿ,
ಕಾನ್ ಬೊಂಗ್‌ಛೀ

ಲಗತ್ತುಗಳು:
ಅ) ಮುರಿದ ಫ್ಯಾನಿನ ಕಾಲು — 1
ಆ) ಕೂಲರ್ ತಳದ ಪ್ಲಾಸ್ಟಿಕ್ ಹಾಳೆ (ಗಿಮ್‌ತೋ ಓದಿದ್ದು)
ಇ) ಗುಂಡಿಯ ಮೇಲಿದ್ದ ಸೀಲು ಕಾಗದ, ಹರಿಯದಂತೆ ಬಿಡಿಸಿದ್ದು
ಈ) ದಿನಾಂಕ 15ರ ಪ್ರಶ್ನೆಪತ್ರಿಕೆ: "ನಿಮ್ಮ ಊರಿನ ಯಾವುದಾದರೂ ಸೌಲಭ್ಯದ ಕೊರತೆಯ ಬಗ್ಗೆ ಸಂಬಂಧಪಟ್ಟ ಅಧಿಕಾರಿಗೆ ಅರ್ಜಿ ಬರೆಯಿರಿ. ಮುನ್ನೂರು ಅಕ್ಷರಕ್ಕೆ ಕಡಿಮೆ ಇರಬಾರದು."

ವಿಶೇಷ ಕೋರಿಕೆ: ಲಗತ್ತು 'ಇ'ಯಿಂದ ತಮಗೆ ಈಗಾಗಲೇ ತಿಳಿದಿರುವಂತೆ, ಈ ಅರ್ಜಿಯನ್ನು ಏಳನೇ ಕಂಪ್ಯೂಟರಿನಲ್ಲೇ ಟೈಪ್ ಮಾಡಿದ್ದೇನೆ. ಒಂದು ಸಲವೂ ಆರಲಿಲ್ಲ. ಮೊದಲ ಮುನ್ನೂರು ಅಕ್ಷರ ನಲವತ್ತಾರು ನಿಮಿಷಕ್ಕೆ ಮುಗಿದವು. ಗಡಿಯಾರ ನೋಡಿದವಳು ಗಿಮ್‌ತೋ. ದಯವಿಟ್ಟು ಅಷ್ಟನ್ನು ಉತ್ತರಪತ್ರಿಕೆಯೆಂದು ಪರಿಗಣಿಸಿ ಕೆಂಪು ಶಾಯಿಯಲ್ಲಿ ತಿದ್ದಿ ಕೊಡಬೇಕು. ಉಳಿದದ್ದು ದೂರು, ಅದಕ್ಕೆ ಅಂಕ ಬೇಡ.